ಎದೆನೋವು ಎಂದು ಬರೆಸಿದ ಗಂಟು

ನನಗೆ ಎದೆನೋವು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆ ವರ್ಷದ ನನ್ನ ಎಲ್ಲ ಆಸ್ಪತ್ರೆ ಚೀಟಿಗಳ ನೆತ್ತಿಯ ಮೇಲೂ ಅದನ್ನೇ ಬರೆದಿದ್ದಾರೆ. ನನಗಿದ್ದದ್ದು ಗಂಟು. ಎಡ ಮೊಲೆಯಲ್ಲಿ, ಹೊರಬದಿಗೆ, ಕಂಕುಳಿನಿಂದ ನಾಲ್ಕು ಬೆರಳು ಈಚೆಗೆ. ಒತ್ತಿದರೂ ನೋಯುತ್ತಿರಲಿಲ್ಲ.

ಅದು ಮೊದಲು ಕೈಗೆ ಸಿಕ್ಕಿದ್ದು ೧೯೯೬ರ ಸಂಕ್ರಾಂತಿ ಕಳೆದ ವಾರ, ಸ್ನಾನದ ಹೊತ್ತಿನಲ್ಲಿ. ಮನೆಯಲ್ಲಿ ದಿನವೂ ಅವರೆಕಾಯಿ ಸುಲಿಯುತ್ತಿದ್ದ ಕಾಲ. ದಿನಚರಿಯಲ್ಲಿ ಆ ದಿನದ ಪುಟದಲ್ಲಿ 'ಎಡಗಡೆ, ಅವರೆಕಾಳು' ಎಂದಿದೆ. ನನಗಾಗ ಇಪ್ಪತ್ತೊಂಬತ್ತು. ಅರಕೆರೆಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಸಂಜೆ ಪ್ರತಿ ಮನೆಯ ಹಾಲಿನ ಡಿಗ್ರಿ ನೋಡಿ, ಫ್ಯಾಟು ನೋಡಿ, ಹೆಸರಿನ ಮುಂದೆ ಬರೆಯುವುದು. ಮನೆಗೆ ಬಂದ ಮೇಲೂ ಬರೆಯುವ ಚಾಳಿ ಬಿಡುತ್ತಿರಲಿಲ್ಲ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಪುಸ್ತಕದಲ್ಲಿ ನಾಲೆಗೆ ನೀರು ಬಿಟ್ಟ ದಿನ, ಮಗಳು ಕಾವ್ಯಳಿಗೆ ಜ್ವರ ಬಂದ ದಿನ, ಹಸು ಗಬ್ಬ ಕಟ್ಟಿದ ದಿನ ಎಲ್ಲವೂ ಇರುತ್ತಿದ್ದವು. ನನ್ನ ಗಂಡ ರಾಜು ಇದನ್ನು ಯಾರ ಮುಂದಾದರೂ ಆಡಿಕೊಳ್ಳದೆ ಇರುತ್ತಿರಲಿಲ್ಲ. "ಇವ್ಳಿಗೆ ಎಲ್ಡು ಡೈರಿ ಕಣ್ಲಾ. ಒಂದ್ರಲ್ಲಿ ಊರ್ನೋರ ಹಾಲು ಅಳೀತಾಳೆ, ಇನ್ನೊಂದ್ರಲ್ಲಿ ನನ್ನ ಅಳೀತಾಳೆ."

ಗಂಟಿನ ವಿಷಯ ಮೊದಲು ಅವರಿಗೇ ಹೇಳಿದ್ದು. ಕತ್ತಲಲ್ಲಿ ಅವರ ಕೈ ಹಿಡಿದು ಅದರ ಮೇಲಿಟ್ಟೆ. ಅವರು ಬೆಚ್ಚಿ ಕೈ ತೆಗೆದರು. ಮಾರನೆಯ ದಿನವೇ ಪಟ್ಟಣಕ್ಕೆ ಕರೆದುಕೊಂಡು ಹೋದರು. ಶ್ರೀರಂಗಪಟ್ಟಣವನ್ನು ನಾವು ಪಟ್ಟಣ ಎನ್ನುವುದು. ಕಬ್ಬಿಗೆ ನೀರು ಕಟ್ಟುವ ಸರದಿ ಅವತ್ತೇ ಇತ್ತು, ಅದನ್ನೂ ಬಿಟ್ಟು ಬಂದಿದ್ದರು. ಅವರಿಗೆ ನನ್ನ ಮೇಲೆ ಕಾಳಜಿ ಇರಲಿಲ್ಲ ಎಂದು ಯಾರೂ ಹೇಳಲಾರರು. ಕಾಳಜಿ ಇತ್ತು, ಮಾತು ಇರಲಿಲ್ಲ.

ಡಾಕ್ಟರು ಏನು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆ ರಾಜುವೇ ಹೇಳಿದರು. "ಎದೆ ಕಣ್ ಸಾ. ಎದೇಲಿ ನೋವು ಅಂತಾವ್ಳೆ."

ಬಸ್ಸು ಹತ್ತುವಾಗ ಅದು ಗಂಟಾಗಿತ್ತು. ಇಳಿಯುವಷ್ಟರಲ್ಲಿ ನೋವಾಗಿತ್ತು. ಡಾಕ್ಟರು ನನ್ನ ಕಡೆ ನೋಡದೆ ನೋವು ಎಡಗೈಗೆ ಇಳಿಯುತ್ತದೆಯೇ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂದು ಕೇಳಿದರು. ಇಲ್ಲ, ಇಲ್ಲ ಎಂದೆ. ಸೆರಗಿನ ಮೇಲೆಯೇ ಕೊಳವೆ ಇಟ್ಟು ಉಸಿರು ಎಳೆಯಲು ಹೇಳಿದರು. ಅದರ ತಣ್ಣನೆಯ ಬಿಲ್ಲೆ ಗಂಟಿಗೆ ಎರಡು ಬೆರಳಿನಷ್ಟು ಹತ್ತಿರ ಬಂದು ಹಾಗೇ ಎದ್ದು ಬೆನ್ನಿಗೆ ಹೋಯಿತು. ಆಮೇಲೆ ಇ.ಸಿ.ಜಿ., ಎಕ್ಸ್‌ರೇ, ರಕ್ತ, ಮೂತ್ರ ಎಂದು ಚೀಟಿ ಬರೆದುಕೊಟ್ಟರು.

ಲ್ಯಾಬಿನ ಬೆಂಚಿನ ಮೇಲೆ ಕುಳಿತು ನಾನು ನನ್ನ ರಕ್ತವನ್ನೇ ನೋಡುತ್ತಿದ್ದೆ. ಇ.ಎಸ್.ಆರ್. ಎಂದರೆ ಉದ್ದನೆಯ ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ ಒಂದು ಗಂಟೆಯಲ್ಲಿ ಅದರ ಕೆಂಪು ಎಷ್ಟು ಕೆಳಗಿಳಿಯಿತೆಂದು ನೋಡುವುದು. ಹಾಲಿನ ಡಿಗ್ರಿ ನೋಡುವವಳಿಗೆ ಇದಕ್ಕಿಂತ ನಂಬಿಕೆಯ ವಿಷಯ ಇನ್ನೇನು ಬೇಕು? ಗಾಜು, ಗೆರೆ, ಅಂಕಿ. ಇಪ್ಪತ್ತರೊಳಗೆ ಇರಬೇಕಾದದ್ದು ಅರವತ್ತೆರಡು ಬಂದಿತ್ತು. ಬರಿ ಹೊಟ್ಟೆಯ ಸಕ್ಕರೆ ನೂರ ಮೂವತ್ತೊಂದು.

ಡಾಕ್ಟರು ಕಾಗದ ನೋಡಿ ಹೃದಯ ಚೆನ್ನಾಗಿದೆ ಎಂದರು. ರಕ್ತದಲ್ಲಿ ನಂಜು ಜಾಸ್ತಿ ಇದೆ, ಸಕ್ಕರೆಯೂ ಶುರುವಾಗುತ್ತಿದೆ, ಎರಡನ್ನೂ ಇಳಿಸೋಣ ಎಂದರು.

ನಮ್ಮ ಕಡೆ ನಂಜು ಎಂದರೆ ಮುಗಿಯಿತು, ಮುಂದಿನ ಪ್ರಶ್ನೆ ಇರುವುದಿಲ್ಲ. ಮುಳ್ಳು ಚುಚ್ಚಿ ಕೀವಾದರೂ ನಂಜು, ಬಾಣಂತಿಗೆ ಜ್ವರ ಬಂದರೂ ನಂಜು, ಹುಣ್ಣು ಮಾಯದಿದ್ದರೂ ನಂಜು. ಅತ್ತೆ ಅವತ್ತಿನಿಂದಲೇ ಪಥ್ಯ ಹಿಡಿದರು. ಬದನೆಕಾಯಿ ನಿಂತಿತು, ಮೀನು ನಿಂತಿತು, ಸುಗ್ಗಿಯ ನಡುವೆ ಅವರೆಕಾಳು ನಿಂತಿತು. ಕಾಫಿಗೆ ಬೆಲ್ಲ ನಿಂತಿತು. ದಿನ ಬಿಟ್ಟು ದಿನ ಚುಚ್ಚುಮದ್ದು, ರಕ್ತ ಹೆಚ್ಚಲು ಟಾನಿಕ್ಕು, ನಂಜಿಗೆ ಕೆಂಪು ಕ್ಯಾಪ್ಸೂಲು.

ಮುಂದಿನ ತಿಂಗಳು ಹೋದಾಗ ನಾನೇ ಮಾತಾಡಬೇಕೆಂದು ನಿರ್ಧರಿಸಿದ್ದೆ. ರಾಜು ಔಷಧಿ ತರಲು ಹೊರಗೆ ಹೋದ ಹೊತ್ತು ನೋಡಿ, "ಎದೇಲಿ ಗಂಟಿದೆ ಡಾಕ್ಟ್ರೇ" ಎಂದೆ.

"ಗಂಟು ಕಟ್ಟಿದಂಗೆ ಆಗುತ್ತಾ? ಊಟಕ್ಕೆ ಮುಂಚೆನೋ, ಆದ್ಮೇಲೋ?"

"ಯಾವಾಗ್ಲೂ ಇದೆ ಸಾರ್."

"ಗ್ಯಾಸು" ಎಂದು ಬರೆದುಕೊಂಡರು.

ಗುಲಾಬಿ ಬಣ್ಣದ ಔಷಧಿಯ ಸೀಸೆ ಹಿಡಿದು ಹೊರಗೆ ಬಂದೆ. ಎದೆ ಎಂದರೆ ಹೆಂಗಸಿಗೂ ಗಂಡಸಿಗೂ ಇರುವುದು, ಉಸಿರಿಗೂ ಕಫಕ್ಕೂ ದುಃಖಕ್ಕೂ ಜಾಗ ಕೊಡುವುದು. ಅಲ್ಲಿ ಗಂಟಿದೆ ಎಂದರೆ ಆ ಡಾಕ್ಟರಿಗೆ ಗ್ಯಾಸು ಕೇಳಿಸಿತು. ಇನ್ನೊಂದು ಪದ ಇದೆ, ಅದು ನನ್ನ ಬಾಯಲ್ಲೂ ಇತ್ತು. ಹೊಣಕೆರೆಯ ಹತ್ತಿರ ನನ್ನ ತವರಿನಲ್ಲಿ ಜಗುಲಿಯ ಮೇಲೆ ಗಂಡಸರು ಕುಳಿತಿದ್ದಾಗಲೇ ನಮ್ಮವ್ವ ಒಳಗಿನಿಂದ "ಮಗೀಗೆ ಮೊಲೆ ಕೊಡಮ್ಮಿ" ಎಂದು ಕೂಗುತ್ತಿದ್ದಳು. ಯಾರೂ ತಲೆ ತಗ್ಗಿಸುತ್ತಿರಲಿಲ್ಲ. ಮಗುವಿಗೆ ಬೇಕಾದಾಗ ಅದು ಮರ್ಯಾದೆಯ ಮಾತು. ಅದು ಹೆಂಗಸಿಗೇ ಬೇಕಾದಾಗ ಮಾನಗೆಟ್ಟ ಮಾತು.

ತಿಂಗಳಿಗೊಮ್ಮೆ ರಕ್ತ ಕೊಡುವುದು ನಡೆಯಿತು. ಅರವತ್ತೆರಡು ಇದ್ದದ್ದು ನಲವತ್ತನಾಲ್ಕಾಯಿತು, ಮೂವತ್ತಾಯಿತು. ಸಕ್ಕರೆಯೂ ಇಳಿಯಿತು. ಪುಸ್ತಕದಲ್ಲಿ ಪಕ್ಕದಲ್ಲೇ ಇನ್ನೊಂದು ಸಾಲು: ಅವರೆಕಾಳು, ಹುಣಿಸೆ ಬೀಜ, ನೆಲ್ಲಿಕಾಯಿ. ಒಂದು ಇಳಿಯುತ್ತಿತ್ತು, ಒಂದು ಏರುತ್ತಿತ್ತು. ಮನೆಯವರೆಲ್ಲ ಇಳಿಯುವುದನ್ನು ಕೇಳುತ್ತಿದ್ದರು. ಯುಗಾದಿಗೆ ಅತ್ತೆ ನಂಜು ಇಳಿದ ಖುಷಿಗೆ ಕೈತುಂಬ ತುಪ್ಪ ಹಾಕಿ ಒಬ್ಬಟ್ಟು ಮಾಡಿದರು. ನನಗೊಬ್ಬಳಿಗೆ ಸಕ್ಕರೆ ಎಂದು ಕೊಡಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಡೈರಿಯಲ್ಲಿ ಚಿಕ್ಕಣ್ಣ ಎಂಬುವವರ ಹಾಲನ್ನು ನಾನು ತೆಗೆದುಕೊಳ್ಳಲಿಲ್ಲ. ಹಾಲಿನಲ್ಲಿ ಮೊಸರಿನ ಹೆಪ್ಪಿನಂಥ ಚೂರುಗಳಿದ್ದವು. ಕೆಚ್ಚಲು ಬಾವು. ಅವರಿಗೂ ಗೊತ್ತಿತ್ತು. ಕ್ಯಾನು ಹಿಡಿದು ನಿಂತ ಜನರ ಸಾಲಿನ ಮುಂದೆಯೇ ಹೇಳಿದರು. "ರಾತ್ರಿಯಿಂದ ಎಡಗಡೆ ಕೆಚ್ಚಲು ಕಲ್ಲಾಗದೆ ಕಣವ್ವ. ನೀನೇ ಬಂದು ಮುಟ್ಟಿ ನೋಡು ಬೇಕಾರೆ." ಸಾಲಿನಲ್ಲಿದ್ದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಯಾವ ಮೊಲೆತೊಟ್ಟು, ಎಷ್ಟು ಬಿಸಿ, ಎಷ್ಟು ಗಟ್ಟಿ ಎಂದು ವಿಚಾರಿಸಿದರು. ಮಧ್ಯಾಹ್ನದೊಳಗೆ ದನದ ಡಾಕ್ಟರು ಸ್ಕೂಟರಿನಲ್ಲಿ ಬಂದು ಬೀದಿಯಲ್ಲೇ ನಾಲ್ಕೂ ತೊಟ್ಟು ಹಿಂಡಿ, ಮದ್ದು ಏರಿಸಿ ಹೋದರು. ಆ ಹಸುವಿನ ರಕ್ತವನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ.

ಅವತ್ತು ಸಂಜೆ ಬಚ್ಚಲುಮನೆಯಲ್ಲಿ ನೀರು ಕಾಯಿಸುತ್ತಿದ್ದ ಅತ್ತೆಯ ಮುಂದೆ ನಿಂತು, ಆ ಪದವನ್ನೇ ಹೇಳಿ, ಅಲ್ಲಿ ಗಂಟಿದೆ ಎಂದೆ. ಗಂಡಸರು ಹಟ್ಟಿಯಲ್ಲಿದ್ದಾರೆ ಮೆಲ್ಲಗೆ ಮಾತಾಡು ಎಂದು ಗದರಿ, ಬಾಗಿಲು ಹಾಕಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಟ್ಟಿ ನೋಡಿದರು. ಮುಖ ಬಾಡಿತು.

"ಮದ್ಲೇ ಯಾಕಮ್ಮಿ ಏಳ್ನಿಲ್ಲ?"

"ನಿಮ್ಮ ಮಗ ಡಾಕ್ಟ್ರಿಗೆ ಏಳವ್ರಲ್ಲ, ಎದೆ ಅಂತ."

"ಅವ್ನು ಗಂಡ್ಸು. ಅವ್ನೆಂಗೆ ಏಳಾನು?" ಎಂದರು. ಒಲೆಗೆ ಸೌದೆ ನೂಕಿ, "ನಂಜು ಇಳೀತಾ ಅದಲ್ಲ, ಇದೂ ಅದರ ಜೊತೇಲೇ ಇಳೀತದೆ ಬುಡು. ಮುಂದಿನ ತಿಂಗ್ಳು ರಕ್ತ ನೋಡ್ಸುವ" ಎಂದರು.

ಮುಂದಿನ ತಿಂಗಳಿಗೆ ನಾನು ಕಾಯಲಿಲ್ಲ. ಡೈರಿಗೆ ರಜೆ ಹೇಳಿ ಪಟ್ಟಣಕ್ಕೆ ಹೋಗಿ, ಪಾಂಡವಪುರದಲ್ಲಿ ಬಸ್ಸು ಬದಲಿಸಿ ಕೆ.ಆರ್. ಪೇಟೆ ಸೇರಿದೆ. ಅಲ್ಲಿ ನನ್ನ ಅಕ್ಕ ಭಾಗ್ಯ ಇದ್ದಾಳೆ, ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟದ್ದು. ಅವಳು ತನ್ನ ಹೆರಿಗೆ ಮಾಡಿಸಿದ ಲೇಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಕಾಯುವ ಕೋಣೆಯ ತುಂಬ ಬಸುರಿಯರು. ಒಬ್ಬಾಕೆ ನನ್ನ ಚಪ್ಪಟೆ ಹೊಟ್ಟೆ ನೋಡಿ ಎಷ್ಟು ತಿಂಗಳು ಎಂದು ಕೇಳಿದಳು. ಐದನೆಯದು ಎಂದೆ. ಸುಳ್ಳೇನಲ್ಲ.

ಒಳಗೆ ಹೋಗಿ ಕುರ್ಚಿಯ ಮೇಲೆ ಕೂರುವ ಮುಂಚೆಯೇ ಹೇಳಿದೆ. "ನನ್ನ ಎಡ ಮೊಲೇಲಿ ಗಂಟಿದೆ ಡಾಕ್ಟ್ರೇ. ಕೈಯಿಟ್ಟು ನೋಡಿ." ಪರದೆಯ ಪಕ್ಕ ನಿಂತಿದ್ದ ಅಕ್ಕ ನನ್ನ ಸೊಂಟಕ್ಕೆ ತಿವಿದಳು.

ಆಕೆ ಕೈ ತೊಳೆದು, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಿದರು. ಆ ಬೆಚ್ಚನೆಯ ಕೈಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೊಲೆ ನೋಡಿ, ಕಂಕುಳಿನ ಆಳಕ್ಕೆ ಬೆರಳಿಟ್ಟು ಅಲ್ಲೇ ನಿಂತರು. ನಾನು ರಕ್ತದ ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಮೇಜಿನ ಮೇಲೆ ಇಟ್ಟಿದ್ದೆ. ಅವನ್ನು ಬಿಡಿಸಲೂ ಇಲ್ಲ.

"ಇಷ್ಟು ದಿನ ಇದನ್ನ ಯಾರಿಗೆ ತೋರಿಸ್ತಿದ್ರಿ?"

"ಯಾರ್ಗೂ ಇಲ್ಲ. ರಕ್ತ ತೋರಿಸ್ತಿದ್ದೆ."

ಮೈಸೂರಿನ ದೊಡ್ಡ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಅಲ್ಲಿ ಗಂಟಿಗೆ ಸೂಜಿ ಹಾಕಿ ನೀರಿನಂಥದ್ದನ್ನು ತೆಗೆದು ಗಾಜಿನ ಮೇಲೆ ಬಳಿದುಕೊಂಡರು. ಫಲಿತಾಂಶದ ದಿನ ರಾಜು ಜೊತೆಗೆ ಬಂದಿದ್ದರು. ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ್ದು ನನಗೆ, ಆದರೆ ಕುಸಿದು ಕುಳಿತದ್ದು ಅವರು. ನಾನೇ ನೀರು ತಂದುಕೊಟ್ಟೆ. ವಾಪಸು ಬರುವಾಗ ಬಸ್ಸು ಕಾವೇರಿ ಸೇತುವೆ ದಾಟಿತು. ಆಮೇಲೆ ಅವರು ಕಿಟಕಿಯ ಕಡೆ ತಿರುಗಿಕೊಂಡೇ ಕೇಳಿದರು. "ನಾನು ಎದೆ ಅಂದಿದ್ದು ತಪ್ಪಾ? ಎದೆನೇ ತಾನೆ ಅದು?"

ಆ ಪ್ರಶ್ನೆಯನ್ನು ಮನೆಗೆ ಬಂದು ದಿನಚರಿಯಲ್ಲಿ ಬರೆದಿಟ್ಟೆ.

ಜೂನ್ ತಿಂಗಳಲ್ಲಿ ಎಡ ಮೊಲೆ ತೆಗೆದರು. ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು, ಅವನ್ನೂ ತೆಗೆದರು. ಅವರೆಕಾಳಿನಷ್ಟಿದ್ದಾಗ ಬಂದಿದ್ದರೆ ಕಂಕುಳು ಉಳಿಯುತ್ತಿತ್ತೇ ಎಂದು ಕೇಳಿದೆ. ಖಂಡಿತ ಹೇಳಲಾಗದು, ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದರು ಅಲ್ಲಿನ ದೊಡ್ಡ ಡಾಕ್ಟರು. ಅವರು ಸಮಾಧಾನದ ಮಾತು ಆಡುತ್ತಿರಲಿಲ್ಲ, ಅದಕ್ಕೇ ಅವರನ್ನು ನಂಬಿದೆ.

ಆಮೇಲೆ ಮೂರು ವಾರಕ್ಕೊಮ್ಮೆ ನರಕ್ಕೆ ಏರಿಸುವ ಕೆಂಪು ಔಷಧಿ, ಕೀಮೋ. ಸೂಜಿ ಚುಚ್ಚಿಸಿಕೊಳ್ಳಲು ಸರದಿ ಕಾಯುವ ಉದ್ದನೆಯ ಪಡಸಾಲೆಯಲ್ಲಿ ಪಾಂಡವಪುರದ ಶಮೀಮ್ ಸಿಕ್ಕಿದರು. ಐವತ್ತರ ಹೆಂಗಸು, ಯಜಮಾನರು ಲಾರಿ ಡ್ರೈವರು. ನನ್ನ ಕಥೆ ಕೇಳಿ ಅವರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. "ನಮ್ಮೆಜಮಾನ್ರು ಛಾತಿ ಮೇ ದರ್ದ್ ಅಂದ್ಬುಟ್ರು ಬೇಟಿ. ಹಾರ್ಟ್ ಡಾಕ್ಟ್ರು ಮಿಷಿನ್ ಹಾಕಿ ನೋಡ್ದ. ನಂದು ಹಾರ್ಟು ಫಸ್ಟ್ ಕ್ಲಾಸ್ ಐತಂತೆ." ಉರ್ದುವಿನಲ್ಲೂ ಎದೆಗೂ ಮೊಲೆಗೂ ಒಂದೇ ಪದವೇ ಎಂದು ಕೇಳಿದೆ. "ಮರ್ಯಾದೆ ಇರೋ ಮನೇಲಿ ಒಂದೇ" ಎಂದರು. ಆ ಪಡಸಾಲೆಯಲ್ಲಿ ನಾವಿಬ್ಬರು ನಕ್ಕಷ್ಟು ಯಾರೂ ನಕ್ಕಿರಲಾರರು. ನನಗೆ ವಾಂತಿ ಬಂದಾಗ ಬಕೆಟ್ಟು ಹಿಡಿಯುತ್ತಿದ್ದದ್ದೂ ಅವರೇ, ಕೈಗೆ ಒಣಗಿದ ನಿಂಬೆ ಸಿಪ್ಪೆ ಕೊಟ್ಟು ಮೂಸು ಎನ್ನುತ್ತಿದ್ದದ್ದೂ ಅವರೇ.

ಮನೆಯಲ್ಲಿ ಅಷ್ಟು ನಗು ಇರಲಿಲ್ಲ. ಕೂದಲು ಉದುರಲು ಶುರುವಾದಾಗ ಅತ್ತೆ ತಲೆಗೆ ಹರಳೆಣ್ಣೆ ಹಚ್ಚುತ್ತಾ ಅಳುತ್ತಿದ್ದರು, ಅದು ನಿಜ. ಅದೇ ಬಾಯಲ್ಲಿ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು: "ಬಸ್ರೀಲಿ ಆಲೆಮನೆ ತಾವ ನಿಂತ್ಕಂಡು ಬಿಸಿ ಬೆಲ್ಲ ತಿಂತಿದ್ಲು ಕಣವ್ವ. ಸಕ್ರೆ ಅದೆ ಅಂತ ರಕ್ತದಲ್ಲೇ ಬಂದಿತ್ತು. ಬಾಯಿ ಕಟ್ನಿಲ್ಲ, ಅನುಭವುಸ್ತಾವ್ಳೆ." ಗಂಟನ್ನು ಕಾಣದ ರಕ್ತದ ಚೀಟಿ ಈಗ ನನ್ನ ಮೇಲೆ ಸಾಕ್ಷಿ ಹೇಳಲು ನಿಂತಿತ್ತು. ಬಂದವರು ತಲೆಯಾಡಿಸುತ್ತಿದ್ದರು. ಅವರಲ್ಲಿ ಬೆಲ್ಲ ತಿನ್ನದವರು ಯಾರು? ನಾಲೆ ಬಯಲಿನಲ್ಲಿ ಹುಟ್ಟಿದ ಮಗು ಹಲ್ಲು ಬರುವ ಮುಂಚೆಯೇ ಕಬ್ಬು ಚೀಪುತ್ತದೆ.

ನಾನು ಆ ಕಾಗದಗಳನ್ನು ಮೈಸೂರಿಗೆ ತೆಗೆದುಕೊಂಡು ಹೋಗಿ ದೊಡ್ಡ ಡಾಕ್ಟರ ಮುಂದೆ ಹರಡಿದೆ. ಇ.ಎಸ್.ಆರ್. ಏರಿದ್ದು ಇದರಿಂದಲೇ? ಸಕ್ಕರೆಯಿಂದ ಇದು ಬಂತೇ? ಇಳಿದದ್ದು ಯಾಕೆ? ಅವರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ಮೈಯಲ್ಲಿ ಎಲ್ಲೋ ಉರಿ ಇದೆ ಎಂದಷ್ಟೇ ಇದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ರಕ್ತ ಕಡಿಮೆ ಇದ್ದವರಿಗೂ ಏರುತ್ತದೆ, ನಿಮಗೆ ಟಾನಿಕ್ಕಿನಿಂದಲೇ ಇಳಿದಿರಬಹುದು ಎಂದರು. ರಕ್ತದ ಉರಿಗೂ ಸಕ್ಕರೆಗೂ ಈ ಕಾಯಿಲೆಗೂ ನಂಟು ಇದೆಯೇ ಎಂದು ಹುಡುಕುತ್ತಿರುವವರು ಇದ್ದಾರೆ, ಬಹಳ ಜನ ಹೆಂಗಸರನ್ನು ಬಹಳ ವರ್ಷ ನೋಡಿ ಹೇಳಬೇಕಾದ ಮಾತು ಅದು ಎಂದರು. "ಇದ್ದರೂ ಇರಬಹುದಮ್ಮ. ಆದರೆ ನಿಮಗೊಬ್ಬರಿಗೆ ಯಾಕೆ ಬಂತು ಅಂತ ಈ ಚೀಟಿ ಹೇಳೋದಿಲ್ಲ. ಇನ್ನೊಬ್ಬರಿಗೆ ಬರೋದಿಲ್ಲ ಅಂತಲೂ ಹೇಳೋದಿಲ್ಲ."

ಈ ಮಾತನ್ನು ಮನೆಗೆ ಬಂದು ಅತ್ತೆಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಡಾಕ್ಟ್ರುಗಳು ಅಂಗೇ ಅನ್ನದು. ನಿನ್ ಮನ್ಸು ನೋಯ್ಬಾರ್ದು ಅಂತ" ಎಂದರು.

ಈಗ ಮೂರು ವರ್ಷವಾಯಿತು. ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಎಡಗೈ ಸಂಜೆ ಹೊತ್ತಿಗೆ ಊದುತ್ತದೆ, ಹಾಲಿನ ಕ್ಯಾನು ಎತ್ತುವುದಿಲ್ಲ. ರವಿಕೆಯೊಳಗೆ ಹಳೆ ಸೀರೆಯ ಉಂಡೆ ಇಟ್ಟುಕೊಳ್ಳುತ್ತೇನೆ. ಊರಿನವರಿಗೆ ನನ್ನ ಮನೆಯವರು ಹೇಳಿರುವುದು ಗರ್ಭಕೋಶದ ಆಪರೇಷನ್ ಎಂದು. ಅದು ಎಲ್ಲರ ಮನೆಯಲ್ಲೂ ಆಗುವಂಥದ್ದು, ಮರ್ಯಾದೆಯದ್ದು.

ಕಳೆದ ವರ್ಷ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಶಮೀಮರ ಯಜಮಾನರು ಕಂಡರು. ನಾನೇ ಗುರುತು ಹಿಡಿದು ಶಮೀಮ್ ಹೇಗಿದ್ದಾರೆ ಎಂದು ಕೇಳಿದೆ. ಬೇಸಿಗೆಯಲ್ಲಿ ತೀರಿಕೊಂಡರಂತೆ, ಕಾಯಿಲೆ ಬೆನ್ನುಮೂಳೆಗೆ ಹೋಗಿತ್ತಂತೆ. ಆ ಮನುಷ್ಯ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಾ ನಿಂತರು. "ಹಾರ್ಟು ಮಾತ್ರ ಆಖ್ರೀವರ್ಗೂ ಚೆನ್ನಾಗಿತ್ತಮ್ಮ" ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಮೈಸೂರಿನ ಡಾಕ್ಟರು ಪ್ರತಿ ಭೇಟಿಯಲ್ಲೂ ಒಂದು ಮಾತು ಕೇಳುತ್ತಾರೆ: ಒಡಹುಟ್ಟಿದವರು ತೋರಿಸಿಕೊಂಡರಾ? ನನಗೆ ಇಷ್ಟು ಚಿಕ್ಕ ವಯಸ್ಸಿಗೆ ಬಂದಿರುವುದರಿಂದ ಅಕ್ಕನನ್ನು ವರ್ಷಕ್ಕೊಮ್ಮೆ ಕೈಯಿಟ್ಟು ನೋಡಬೇಕು ಎನ್ನುತ್ತಾರೆ. ನಾನು ಅಕ್ಕನಿಗೆ ಪ್ರತಿ ಸಲವೂ ಹೇಳುತ್ತೇನೆ. ಪರದೆಯ ಪಕ್ಕ ನಿಂತು ಎಲ್ಲವನ್ನೂ ನೋಡಿದವಳು ಅವಳು. ಆಪರೇಷನ್ನಿನ ರಾತ್ರಿ ನನ್ನ ಮಂಚದ ಕೆಳಗೆ ಮಲಗಿದ್ದವಳೂ ಅವಳೇ. ತೋರಿಸಿಕೊಳ್ಳುತ್ತೇನೆ ಎನ್ನುತ್ತಲೇ ಬಂದಳು.

ಈ ಸಲದ ಗೌರಿಹಬ್ಬಕ್ಕೆ ಅರಕೆರೆಗೆ ಬಂದವಳು ಬಾಗಿನ ಇಳಿಸುವ ಮುಂಚೆಯೇ ವ್ಯಾನಿಟಿ ಬ್ಯಾಗಿನಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. ರಕ್ತ ಪರೀಕ್ಷೆ ಮಾಡಿಸಿದ್ದಳು. ಮುಖದ ತುಂಬ ನಗು.

"ನಂದು ಹತ್ತೇ ಹತ್ತು ಕಣೆ. ನಿಂಗೆ ಅರವತ್ತೆರಡು ಇತ್ತಲ್ಲ? ಸಕ್ರೆನೂ ಇಲ್ಲ. ನಂಗೆ ಬರಲ್ಲ ಬುಡು."

ನಾನು ಎದ್ದು ಕೋಣೆಯ ಬಾಗಿಲು ಹಾಕಿ ಬಂದೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡೆ. "ರವಿಕೆ ಬಿಚ್ಚು. ಇಲ್ಲಾ ನಾಳೆ ಲೇಡಿ ಡಾಕ್ಟ್ರ ತಾವ ಓಗುವ ನಡಿ."

"ಥೂ ನಿನ್ನ" ಎಂದಳು. ಮೊದಲು ನಕ್ಕಳು, ನಾನು ಕದಲದಿದ್ದದ್ದು ಕಂಡು ನಗು ನಿಲ್ಲಿಸಿದಳು. "ನಾಚ್ಕೆ ಅನ್ನೋದೂ ಅದರ ಜೊತೇಲೇ ಕುಯ್ದಾಕ್ಬುಟ್ರಾ ನಿಂಗೆ?"

"ಊಂ. ಬಿಚ್ಚು."

"ಕಾಗ್ದ ಇದ್ರೂ ಇಲ್ದೋಳಂಗೆ ನನ್ನ ನೋಡ್ಬೇಡ. ನಿಂಗ್ ಬಂತು ಅಂತ ಎಲ್ರಿಗೂ ಬರ್ಲಿ ಅಂತೀಯಾ?"

ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಹೊದ್ದುಕೊಂಡು ಬಾಗಿಲು ತೆಗೆದು ಹೊರಗೆ ಹೋದಳು. ಊಟಕ್ಕೆ ಕೂತಾಗ ಅತ್ತೆಗೂ ಆ ಕಾಗದ ತೋರಿಸಿದಳು. ಅತ್ತೆ ಓದಲು ಬಾರದಿದ್ದರೂ ಅದನ್ನು ಕಣ್ಣಿಗೆ ಒತ್ತಿಕೊಂಡು, ದೇವರು ದೊಡ್ಡವನು ಎಂದರು. ಇಬ್ಬರಿಗೂ ಬೆಲ್ಲದ ಕಾಯಿಹಾಲು ಬಡಿಸಿದರು. ಮಧ್ಯಾಹ್ನದ ಬಸ್ಸಿಗೆ ಅಕ್ಕ ಹೊರಟಳು. ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ, ದಾರಿಯಲ್ಲಿ ಇನ್ನೊಮ್ಮೆ ಹೇಳಿದೆ, ಬಸ್ಸಿನ ಕಿಟಕಿಯ ಹತ್ತಿರ ನಿಂತು ಮತ್ತೂ ಒಮ್ಮೆ ಹೇಳಿದೆ. ಪಕ್ಕದ ಸೀಟಿನಲ್ಲಿ ಗಂಡಸರಿದ್ದಾರೆಂದು ಕಣ್ಣು ದೊಡ್ಡದು ಮಾಡಿದಳು.

ಅಕ್ಕನಿಗೆ ಈಗ ಮೂವತ್ತಾರು. ಅವಳಿಗೆ ಏನೂ ಇಲ್ಲದೆಯೂ ಇರಬಹುದು. ಇಲ್ಲ ಎಂದು ನನ್ನ ಬೆರಳುಗಳಿಗೆ ಗೊತ್ತಾಗಿದ್ದರೆ ನಾನು ಇದನ್ನೆಲ್ಲ ಬರೆಯಲು ಕೂರುತ್ತಿರಲಿಲ್ಲ. ಇದನ್ನು ಓದುವ ಹೆಣ್ಣುಮಕ್ಕಳಿಗೆ ನಾನು ಧೈರ್ಯ ಹೇಳಬೇಕಂತೆ, ಹಾಗೆಂದು ಇದರ ಕರಡು ಓದಿದ ಸ್ನೇಹಿತೆಯೊಬ್ಬಳು ಹೇಳಿದಳು. ನನ್ನ ಬಳಿ ಧೈರ್ಯ ಇಲ್ಲ. ಒಂದು ಪದ ಇದೆ, ಅದನ್ನು ಈ ಬರಹದಲ್ಲಿ ಎಷ್ಟು ಸಲ ಬರೆಯಲಾದೀತೋ ಅಷ್ಟು ಸಲ ಬರೆದಿದ್ದೇನೆ. ಒಂದು ಪ್ರತಿಯನ್ನು ಕೆ.ಆರ್. ಪೇಟೆಗೆ, ಅಂಗಡಿಯ ವಿಳಾಸಕ್ಕೆ ಕಳಿಸುತ್ತೇನೆ. ಭಾವನ ಕೈಗೆ ಮೊದಲು ಸಿಗುತ್ತದೆ. ಗಂಡಸು ಓದಲಿ, ಮನೆಗೆ ಹೋಗಿ ಎದೆ ಎನ್ನದೆ ಹೇಳಲಿ.

ಇವತ್ತಿನವರೆಗೆ ಅಕ್ಕ ಯಾರಿಗೂ ತೋರಿಸಿಕೊಂಡಿಲ್ಲ.